ನೆಗೆಟಿವ್ ರಿಇನ್‌ಫೋರ್ಸ್‌ಮೆಂಟ್ ಅಂದರೆ ಶಿಕ್ಷೆ ಅಲ್ಲ

"ನೆಗೆಟಿವ್ ರಿಇನ್‌ಫೋರ್ಸ್‌ಮೆಂಟ್ ಅಂದರೆ ಮಕ್ಕಳಿಗೆ ಬೈಯುವುದು, ಹೊಡೆಯುವುದು ತಾನೇ?" ಅಂತ ಕೇಳಿದ್ದೀರಿ. ಅಲ್ಲ. ತುಂಬಾ ಜನ ಎಡವುವುದು ಇಲ್ಲೇ. ನೆಗೆಟಿವ್ ಅಂದ ಕೂಡಲೇ ಕೆಟ್ಟದ್ದು ಅಂದುಕೊಳ್ಳುತ್ತೇವೆ, ಆದರೆ ಅಮೆರಿಕದ ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಬಳಸಿದ ಅರ್ಥದಲ್ಲಿ ಅದು ಲೆಕ್ಕದ ಮೈನಸ್ ಇದ್ದ ಹಾಗೆ, ಏನನ್ನೋ ತೆಗೆಯುವುದು ಅಷ್ಟೇ. ರಿಇನ್‌ಫೋರ್ಸ್‌ಮೆಂಟ್ ಅಂದರೆ ಒಂದು ನಡವಳಿಕೆ ಗಟ್ಟಿಯಾಗುವುದು. ಎರಡೂ ಸೇರಿದರೆ, ಏನೋ ಕಿರಿಕಿರಿ ತಪ್ಪುವುದರಿಂದ ಒಂದು ನಡವಳಿಕೆ ಗಟ್ಟಿಯಾಗುವುದು.

ಕಾರು ಹತ್ತಿ ಸೀಟ್ ಬೆಲ್ಟ್ ಹಾಕದೆ ಹೊರಟಿರಿ ಅಂತ ಇಟ್ಟುಕೊಳ್ಳಿ. ಟಿಂಗ್ ಟಿಂಗ್ ಅಂತ ಒಂದೇ ಸಮ ಕಿರಿಕಿರಿ. ಬೆಲ್ಟ್ ಕ್ಲಿಕ್ ಅಂದ ತಕ್ಷಣ ಸದ್ದು ನಿಲ್ಲುತ್ತದೆ, ಹಾಯೆನಿಸುತ್ತದೆ, ನಾಳೆ ಕೈ ತಾನಾಗಿಯೇ ಬೆಲ್ಟ್ ಕಡೆ ಹೋಗುತ್ತದೆ. ಇದೇ ಅದು. ಶಿಕ್ಷೆ ಇದಕ್ಕೆ ಉಲ್ಟಾ, ಅಲ್ಲಿ ನಡವಳಿಕೆ ಕಡಿಮೆಯಾಗುತ್ತದೆ.

ಮಕ್ಕಳ ವಿಷಯಕ್ಕೇ ಬರೋಣ. ಮಗು ಹಟ ಹಿಡಿದು ಅಳುತ್ತದೆ, ನೀವು ಸೋತು ಮೊಬೈಲ್ ಕೊಡುತ್ತೀರಿ, ಅಳು ನಿಲ್ಲುತ್ತದೆ ಅಲ್ವಾ? ಆಗ ಅಳುವುದು ಮಗುವಿಗೆ ಅಭ್ಯಾಸವಾಗುತ್ತದೆ, ನಿಜ. ಆದರೆ ಕಿರಿಕಿರಿ ತಪ್ಪಿತು ಅನ್ನುವ ನೆಮ್ಮದಿಯಿಂದ ಮೊಬೈಲ್ ಕೊಡುವ ಅಭ್ಯಾಸ ನಿಮ್ಮಲ್ಲೂ ಗಟ್ಟಿಯಾಗುತ್ತದೆ. ಇಲ್ಲಿ ನೆಗೆಟಿವ್ ರಿಇನ್‌ಫೋರ್ಸ್‌ಮೆಂಟ್ ಆಗಿದ್ದು ಮಗುವಿಗಲ್ಲ, ನಿಮಗೆ. ಭಯ ಅಂತ ನಾಲ್ಕು ಜನರ ಮುಂದೆ ಮಾತಾಡುವುದನ್ನು ತಪ್ಪಿಸಿಕೊಳ್ಳುವವರಿಗೂ ಆಗುವುದು ಇದೇ.