ಗಡಿ ದಾಟಿದರೆ ಜನರಲ್ ಮೆರಿಟ್

ಸರ್ಕಾರದ ಅಕ್ಕಿ, ಸರ್ಕಾರದ ಹಣ, ಮೀಸಲಾತಿ ಇಷ್ಟೆಲ್ಲ ಇದ್ದರೂ ನಿಮ್ಮ ಕಡೆಯವರು ದುಡಿದು ಮೇಲೆ ಬರುವುದಿಲ್ಲವೇಕೆ ಎಂದು ಬೆಂಗಳೂರಿನಿಂದ ಕೇಳಿದ್ದೀರಿ. ದುಡಿಮೆಯ ಮಾತನ್ನು ಮೊದಲು ಮುಗಿಸಿಬಿಡುತ್ತೇನೆ. ವಿಜಯಪುರ ಜಿಲ್ಲೆಯ ತಿಕೋಟಾ ಭಾಗದ ನಮ್ಮ ಲಂಬಾಣಿ ತಾಂಡಾಗಳಲ್ಲಿ ಮಳೆಗಾಲದಲ್ಲೇ ಮುಕಾದಮನಿಂದ, ಅಂದರೆ ಕೂಲಿಗಾರರನ್ನು ಒಯ್ಯುವ ಮೇಸ್ತ್ರಿಯಿಂದ, ಮುಂಗಡ ಪಡೆದ ಗಂಡ ಹೆಂಡಿರು ದೀಪಾವಳಿಯ ಹೊತ್ತಿಗೆ ಸಾಂಗ್ಲಿ, ಕೊಲ್ಲಾಪುರದ ಕಡೆಗೆ ಕಬ್ಬು ಕಡಿಯಲು ಹೊರಡುತ್ತಾರೆ, ಮಕ್ಕಳ ಶಾಲೆ ಅಲ್ಲಿಗೆ ನಿಲ್ಲುತ್ತದೆ, ಯುಗಾದಿಗೆ ಮರಳಿದಾಗ ಮುಂಗಡ ತೀರಿದ್ದರೆ ಅದೇ ಲಾಭ. ಇವರಿಗಿಂತ ಹೆಚ್ಚು ದುಡಿಯುವವರನ್ನು ನೀವು ತೋರಿಸಿದರೆ ನಾನು ಬಂದು ನೋಡುತ್ತೇನೆ. ತುಬಚಿ-ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯ ನೀರು ಬಂದ ಮೇಲೆ ಹೊಲವಿದ್ದವರ ದ್ರಾಕ್ಷಿ ತೋಟಗಳಿಗೆ ಜೀವ ಬಂದಿತು. ಅದನ್ನು ಯಾರೂ ಸರ್ಕಾರದ ಭಿಕ್ಷೆ ಎನ್ನುವುದಿಲ್ಲ, ಎನ್ನಲೂ ಬಾರದು. ಹೊಲವಿಲ್ಲದವನ ಮನೆಗೆ ಬರುವ ಅಕ್ಕಿಗೆ ಮಾತ್ರ ಆ ಹೆಸರು ಅಂಟಿಕೊಂಡಿದೆ.

ಇನ್ನು ಮೀಸಲಾತಿ. ನಾವು ಲಂಬಾಣಿಗರು. ಕರ್ನಾಟಕದಲ್ಲಿ ನಾವು ಪರಿಶಿಷ್ಟ ಜಾತಿ, ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿ, ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ. ಮನೆಯೊಳಗೆ ಆಡುವ ಭಾಷೆ ಒಂದೇ, ಕೈಮುಗಿಯುವ ಸಂತ ಸೇವಾಲಾಲರು ಒಬ್ಬರೇ, ಪಟ್ಟಿ ಮಾತ್ರ ಮೂರು. ನನ್ನ ಹೆಂಡತಿಯ ತವರು ಮಹಾರಾಷ್ಟ್ರದ ಜತ್ತ ತಾಲ್ಲೂಕಿನದು. 1956ರಲ್ಲಿ ವಿಜಯಪುರ ಮುಂಬಯಿ ರಾಜ್ಯದಿಂದ ಮೈಸೂರಿಗೆ ಸೇರಿದಾಗ ಆಚೆಗೇ ಉಳಿದ ಸೀಮೆ ಅದು. ಆಕೆ ಅಲ್ಲಿಯ ಕನ್ನಡ ಮಾಧ್ಯಮದ ಶಾಲೆಯಲ್ಲಿಯೇ ಓದಿ, ಶಿಕ್ಷಕಿಯ ತರಬೇತಿಯನ್ನೂ ಮುಗಿಸಿ ನಮ್ಮ ಮನೆಗೆ ಬಂದವಳು. ಆದರೆ ಹೆಣ್ಣಿನ ಜಾತಿ ಪ್ರಮಾಣಪತ್ರ ತಂದೆಯ ಕಡೆಯಿಂದ ಬರಬೇಕೇ ಹೊರತು ಗಂಡನ ಕಡೆಯಿಂದಲ್ಲ, ಮಾವನವರೋ ಗಡಿಯಾಚೆಯವರು. ಸಂವಿಧಾನದ 341ನೆಯ ವಿಧಿಯಂತೆ ಪರಿಶಿಷ್ಟ ಜಾತಿಗಳ ಪಟ್ಟಿ ರಾಜ್ಯಕ್ಕೊಂದು. ಒಂದು ರಾಜ್ಯದಲ್ಲಿನ ಸ್ಥಾನವನ್ನು ಇನ್ನೊಂದು ರಾಜ್ಯಕ್ಕೆ ಒಯ್ಯುವಂತಿಲ್ಲವೆಂದು ಸುಪ್ರೀಂ ಕೋರ್ಟ್ ಕೂಡ 1990ರಲ್ಲಿ ಹೇಳಿದೆ. ಹೀಗಾಗಿ ಕರ್ನಾಟಕದ ಕನ್ನಡ ಶಾಲೆಯ ಹುದ್ದೆಗೆ ಅರ್ಜಿ ಹಾಕುವಾಗ ಆಕೆ ಜನರಲ್ ಮೆರಿಟ್, ಅಂದರೆ ಮೀಸಲಾತಿಯಿಲ್ಲದ ಸಾಲಿನವಳು. ನೀವು ಮೆಚ್ಚುವ ಪ್ರತಿಭಾವಂತರ ಸಾಲಿಗೆ ನಮ್ಮ ತಾಂಡಾದಿಂದ ಸೇರಿದ ಮೊದಲಿಗಳು ಆಕೆಯೇ ಇರಬೇಕು!

ನಿಯಮಕ್ಕೆ ಅದರದೇ ಕಾರಣವಿದೆ, ನಾನು ಒಪ್ಪುತ್ತೇನೆ. ಒಪ್ಪಲಾಗದ್ದು ಕಚೇರಿಯ ಕಿಟಕಿಯಲ್ಲಿ ಕೇಳಬೇಕಾದ ಮಾತು. ಶಾಲೆಯ ದಾಖಲೆಯ ಮೇಲಿನ ಮರಾಠಿ ಮುದ್ರೆಯನ್ನು ನೋಡಿದ ಗುಮಾಸ್ತರೊಬ್ಬರು "ನಿಮ್ಮ ಸರ್ಕಾರವನ್ನೇ ಕೇಳಿರಮ್ಮ" ಎಂದರು. ಆಚೆಯ ಕಚೇರಿಯಲ್ಲಿ, ಮದುವೆಯಾಗಿ ಹೋದವರು ಇಲ್ಲಿಯ ನಿವಾಸಿಗಳಲ್ಲ ಎಂಬ ಉತ್ತರ ಸಿಕ್ಕಿತು. ಪೂರ್ವಕ್ಕೆ ತಿರುಗಿದರೆ ಅಲ್ಲಿಯೂ ಒಂದು ಗೆರೆಯಿದೆ: ನೆರೆಯ ಕಲಬುರಗಿ ಜಿಲ್ಲೆಯ ಅಫಜಲಪುರದವರಿಗೆ ಹಿಂದುಳಿದ ಕಲ್ಯಾಣ ಕರ್ನಾಟಕಕ್ಕೆ ಶಿಕ್ಷಣ, ನೌಕರಿಯಲ್ಲಿ ಮೀಸಲು ಕೊಡುವ ಸಂವಿಧಾನದ 371ಜೆ ವಿಧಿ ಉಂಟು, ಅದೇ ಭೀಮೆಯ ನೀರು ಕುಡಿಯುವ ನಮ್ಮ ಇಂಡಿಯವರಿಗೆ ಇಲ್ಲ. ನಮ್ಮ ಕಡೆ ಹಿಂದುಳಿದಿರುವಿಕೆಗೂ ಹಳೆಯ ನಿಜಾಮರ ಗಡಿಯೇ ಅಳತೆ.

ನನ್ನ ಮಕ್ಕಳಿಗೆ ತಂದೆಯ ಪ್ರಮಾಣಪತ್ರ ಸಾಕು, ಅವರಿಗೆ ತೊಂದರೆಯಿಲ್ಲ. ಈಗ ಹೆಂಡತಿಯ ತಂಗಿಗೆ ನಮ್ಮ ಕಡೆಯಿಂದ ಒಂದು ಸಂಬಂಧ ಬಂದಿದೆ. ಹುಡುಗನ ಗುಣ, ಮನೆತನ ವಿಚಾರಿಸುವ ಮೊದಲೇ ನಮ್ಮ ಅತ್ತೆಯವರು ಫೋನ್ ಮಾಡಿ, ಹುಡುಗಿ ಆಚೆಯ ರಾಜ್ಯದಲ್ಲಿ ಹಾಕಿರುವ ನೌಕರಿಯ ಅರ್ಜಿಯ ಫಲಿತಾಂಶ ಬರುವ ತನಕ ಮುಹೂರ್ತವನ್ನು ಮುಂದೆ ಹಾಕಬಹುದೇ ಎಂದು ಕೇಳಿದರು. ಹಾಕಿ ಎಂದೆ.