ಬರೀ ಫೋಟೊದಿಂದ ಸರ್ವರ್‌ಗೆ ಅಪಾಯವೇ?

ಪ್ರಶ್ನೆ: ಇಳಕಲ್‌ನಲ್ಲಿ ನಮ್ಮ ಸೀರೆ ಅಂಗಡಿ ಇದೆ. ಗ್ರಾಹಕರು ತಮಗೆ ಬೇಕಾದ ಸೆರಗಿನ ಫೋಟೊವನ್ನು ನಮ್ಮ ವೆಬ್‌ಸೈಟ್‌ಗೆ ಹಾಕುತ್ತಾರೆ. ಬರೀ ಫೋಟೊದಿಂದ ಸರ್ವರ್ ಕೈತಪ್ಪಬಹುದೇ?

ಉತ್ತರ: ಖಂಡಿತ ತಪ್ಪಬಹುದು. ಫೋಟೊ ಕೂಡ ಒಂದು ಫೈಲ್ ಅಲ್ವಾ? ಅದನ್ನು ಬಿಡಿಸಿ ಓದುವ ಲೈಬ್ರರಿಯಲ್ಲಿ (ಸಿದ್ಧ ಸಾಫ್ಟ್‌ವೇರ್ ತುಣುಕಿನಲ್ಲಿ) ದೋಷವಿದ್ದರೆ, ಬೇಕಂತಲೇ ಕೆಡಿಸಿದ ಫೈಲ್ ಅಲ್ಲಿಂದಲೇ ಒಳಗೆ ನುಗ್ಗುತ್ತದೆ. 2016ರಲ್ಲಿ, ಫೋಟೊ ಚಿಕ್ಕದು-ದೊಡ್ಡದು ಮಾಡುವ ಇಮೇಜ್‌ಮ್ಯಾಜಿಕ್ ಎಂಬ ಸಾಫ್ಟ್‌ವೇರ್‌ನಲ್ಲಿ ಸಿಕ್ಕ 'ಇಮೇಜ್‌ಟ್ರಾಜಿಕ್' ದೋಷ ನಿಮ್ಮಂಥ ಸೈಟ್‌ಗಳಿಗೇ ಜಾಸ್ತಿ ಅಪಾಯ ತಂದಿತ್ತು. ಹೆಸರು ಜೆಪಿಜಿ, ಒಳಗಿರುವುದು ಬೇರೆ ನಮೂನೆ. ಫೋಟೊ ಚಿಕ್ಕದು ಮಾಡಲು ಹೋದ ಸರ್ವರ್, ಅದರೊಳಗೆ ಬಚ್ಚಿಟ್ಟ ಆಜ್ಞೆಯನ್ನೇ ನಡೆಸಿಬಿಡುತ್ತಿತ್ತು! 2023ರ ಸೆಪ್ಟೆಂಬರ್‌ನಲ್ಲಿ ವೆಬ್‌ಪಿ ನಮೂನೆಯ ಫೋಟೊ ಓದುವ ಲಿಬ್‌ವೆಬ್‌ಪಿ ಎಂಬ ಲೈಬ್ರರಿಯ ದೋಷದಿಂದ ಕ್ರೋಮ್, ಫೈರ್‌ಫಾಕ್ಸ್ ಎರಡಕ್ಕೂ ತುರ್ತು ಅಪ್‌ಡೇಟ್ ಬಂತು.

ವಿಜಯಪುರದ ಒಂದು ಸ್ಟುಡಿಯೊದ ಸೈಟ್ ನೋಡಿಕೊಳ್ಳುತ್ತಿದ್ದಾಗ, ಲೈಬ್ರರಿ ಮೂರು ವರ್ಷ ಹಳೆಯದು ಎಂದು ನನಗೆ ತಡವಾಗಿ ಗೊತ್ತಾಯಿತು. ಎಷ್ಟೋ ಮನೆಗಳ ಮದುವೆ ಫೋಟೊ ಅಲ್ಲಿದ್ದವು. ಆ ರಾತ್ರಿ ನಿದ್ದೆ ಬರಲಿಲ್ಲ.

ಹಾಗಾಗಿ ಫೋಟೊ ಓದುವ ಲೈಬ್ರರಿಯನ್ನು ಇವತ್ತೇ ಅಪ್‌ಡೇಟ್ ಮಾಡಿಸಿ. ಫೈಲಿನ ಹೆಸರನ್ನು ಸುಮ್ನೆ ನಂಬಬೇಡಿ, ಮೊದಲ ಬೈಟ್‌ಗಳನ್ನು ಪರೀಕ್ಷಿಸಲು ಹೇಳಿ. ಜೆಪಿಜಿಯಾದರೆ ಅದು ಎಫ್‌ಎಫ್ ಡಿ8 ಎಂಬ ಎರಡು ಬೈಟ್‌ಗಳಿಂದಲೇ ಶುರುವಾಗಬೇಕು. ಇಮೇಜ್‌ಮ್ಯಾಜಿಕ್ ಇದ್ದರೆ ಏನನ್ನು ಓದಬಹುದೆಂದು ಹೇಳುವ ಅದರ ಪಾಲಿಸಿ ಫೈಲ್‌ನಲ್ಲಿ ಎಂವಿಜಿ, ಎಂಎಸ್‌ಎಲ್‌ನಂಥ, ಆಜ್ಞೆ ಬರೆದಿಡುವ ಬೇಡದ ನಮೂನೆಗಳನ್ನು ಬಂದ್ ಮಾಡಿಸಿ.