ಛಾಯಾಚಿತ್ರ ಪ್ರಶ್ನೋತ್ತರ: ರಂಗಪ್ರವೇಶದ ಆಹ್ವಾನ ಪತ್ರಿಕೆಗೆ ಒಂದು ಚಿತ್ರ

ಪ್ರಶ್ನೆ: ನನ್ನ ಅಕ್ಕನ ಮಗಳ ಭರತನಾಟ್ಯ ರಂಗಪ್ರವೇಶ ಮುಂದಿನ ತಿಂಗಳು ನಡೆಯಲಿದೆ. ಆಹ್ವಾನ ಪತ್ರಿಕೆಗೂ ಪೋಸ್ಟರಿಗೂ ಬೇಕಾದ ಚಿತ್ರಗಳನ್ನು ನಾನೇ ತೆಗೆಯಬೇಕೆಂದು ಮನೆಯವರ ಆಸೆ. ನನ್ನಲ್ಲಿರುವುದು ಕ್ರಾಪ್ ಸೆನ್ಸರಿನ (ಪೂರ್ಣ ಅಳತೆಗಿಂತ ಚಿಕ್ಕ ಸೆನ್ಸರಿನ) ಒಂದು ಡಿಎಸ್‌ಎಲ್‌ಆರ್, ಅದರೊಡನೆ ಬಂದ 18–55 ಲೆನ್ಸ್, ಒಂದು 50 ಎಂ.ಎಂ. ಲೆನ್ಸ್ ಮತ್ತು ಒಂದು ಫ್ಲ್ಯಾಷ್. ಮೊನ್ನೆ ಮನೆಯ ಹಾಲಿನಲ್ಲಿ ಪ್ರಯೋಗಕ್ಕೆಂದು ಕೆಲವು ಚಿತ್ರ ತೆಗೆದು ಅವಳ ಗುರುಗಳಿಗೆ ತೋರಿಸಿದಾಗ ಅವರು, "ಇದರಲ್ಲಿ ಅರೆಮಂಡಿಯೇ ಕಾಣುತ್ತಿಲ್ಲವಲ್ಲ" ಎಂದರು. ಮೊಣಕಾಲುಗಳನ್ನು ಹೊರಕ್ಕೆ ಬಾಗಿಸಿ ಅರ್ಧ ಕುಳಿತ ಆ ಭಂಗಿಯಲ್ಲಿ ಹುಡುಗಿ ಸರಿಯಾಗಿಯೇ ಕುಳಿತಿದ್ದಳು. ತಪ್ಪು ಎಲ್ಲಾಗಿದೆ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಹುಡುಗಿ ಸರಿಯಾಗಿ ಕುಳಿತಿದ್ದಳೆಂಬ ನಿಮ್ಮ ಮಾತನ್ನು ನಾನು ನಂಬುತ್ತೇನೆ; ಗುರುಗಳು ಹೇಳಿದ್ದೂ ನಿಜವೇ ಇರಬೇಕು. ಈ ಎರಡೂ ಒಟ್ಟಿಗೆ ನಿಜವಾಗುವುದು ಕ್ಯಾಮೆರಾ ನಿಮ್ಮ ಕಣ್ಣಿನ ಎತ್ತರದಲ್ಲಿದ್ದಾಗ. ಹಾಲಿನಲ್ಲಿ ಹಿಂದೆ ಸರಿಯಲು ಜಾಗವಿಲ್ಲದೆ ನೀವು ಲೆನ್ಸನ್ನು 18 ಎಂ.ಎಂ.ವರೆಗೂ ಅಗಲಿಸಿ, ಐದಾರು ಅಡಿ ದೂರದಲ್ಲಿ ನಿಂತುಕೊಂಡೇ ತೆಗೆದಿದ್ದೀರಿ ಎಂದು ತೋರುತ್ತದೆ. ಹಾಗೆ ತೆಗೆದಾಗ ಕ್ಯಾಮೆರಾಕ್ಕೆ ಹತ್ತಿರವಿರುವ ತಲೆ ಮತ್ತು ಭುಜಗಳು ದೊಡ್ಡದಾಗಿಯೂ, ದೂರವಿರುವ ಕಾಲುಗಳು ಚಿಕ್ಕದಾಗಿಯೂ ಬರುತ್ತವೆ. ಹೊರಕ್ಕೆ ತಿರುಗಿದ ಎರಡು ಮೊಣಕಾಲುಗಳ ನಡುವೆ ಮೂಡುವ, ಅರೆಮಂಡಿಯ ಜೀವವೇ ಆದ ಆ ವಜ್ರಾಕೃತಿ ಮೇಲಿನಿಂದ ಒತ್ತಿದಂತೆ ಚಪ್ಪಟೆಯಾಗಿಬಿಡುತ್ತದೆ. ವರ್ಷಗಟ್ಟಲೆ ತೊಡೆ ನೋಯಿಸಿಕೊಂಡು ಸಾಧಿಸಿದ ಮಂಡಿಯನ್ನು ನಾವು ಒಂದು ಕ್ಲಿಕ್ಕಿನಲ್ಲಿ ಕಳೆದುಬಿಡಬಾರದು.

ಪರಿಹಾರ ಸುಲಭವಾಗಿದೆ. 50 ಎಂ.ಎಂ. ಲೆನ್ಸ್ ಹಾಕಿ, ಕ್ಯಾಮೆರಾವನ್ನು ಉದ್ದಕ್ಕೆ ಹಿಡಿದು, ಕನಿಷ್ಠ 15 ಅಡಿ ದೂರಕ್ಕೆ ಹೋಗಿ. ನಿಮ್ಮ ಕ್ಯಾಮೆರಾದಲ್ಲಿ ತಲೆಯಿಂದ ಪಾದದವರೆಗೆ ಪೂರ್ತಿ ಆಕೃತಿಯೂ ಅದರ ಸುತ್ತ ಸ್ವಲ್ಪ ಜಾಗವೂ ಸಿಗಲು ಅಷ್ಟು ದೂರ ಬೇಕೇ ಬೇಕು. ಕೈಗಳನ್ನು ಅಗಲಕ್ಕೆ ಚಾಚುವ ಭಂಗಿಯಾದರೆ ಇನ್ನೂ ಮೂರು ನಾಲ್ಕು ಅಡಿ ಸೇರಿಸಿಕೊಳ್ಳಿ. ಮನೆಯ ಹಾಲು ಸಾಲದಿದ್ದರೆ ಗುರುಗಳ ನೃತ್ಯಶಾಲೆಯನ್ನೋ ಶಾಲೆಯೊಂದರ ಸಭಾಂಗಣವನ್ನೋ ಕೇಳಿಕೊಳ್ಳಿ. ಆಮೇಲೆ ನೆಲದ ಮೇಲೆ ಒಂದು ಮಂಡಿಯೂರಿ ಕುಳಿತು, ಅರೆಮಂಡಿಯಲ್ಲಿರುವ ನರ್ತಕಿಯ ಸೊಂಟದ ಡಾಬು ಯಾವ ಎತ್ತರದಲ್ಲಿದೆಯೋ ಆ ಎತ್ತರಕ್ಕೆ ಕ್ಯಾಮೆರಾವನ್ನು ತನ್ನಿ. ಇಷ್ಟರಿಂದಲೇ ಗುರುಗಳ ಆಕ್ಷೇಪ ಬಹುಪಾಲು ಕರಗುತ್ತದೆ. ಉಡುಪಿನ ಎದುರಿನ ಬೀಸಣಿಗೆಯಂಥ ನಿರಿಗೆ ಸಮನಾಗಿ ಬಿಚ್ಚಿಕೊಂಡಿದೆಯೇ, ಪಾದಗಳ ಕೆಳಗೆ ಸ್ವಲ್ಪ ನೆಲ ಉಳಿದಿದೆಯೇ ಎಂಬುದನ್ನು ಪ್ರತಿ ಸಲವೂ ನೋಡಿ. ಗೆಜ್ಜೆಯ ಬಳಿಯಲ್ಲಿ ಕಾಲು ಕತ್ತರಿಸಿದ ಚಿತ್ರವನ್ನು ಪೋಸ್ಟರಿಗೆ ಕೊಡಲೇಬೇಡಿ.

ಇದಕ್ಕಿಂತ ಮುಖ್ಯವಾದ ಮಾತೊಂದಿದೆ. ಚಿತ್ರ ತೆಗೆಯುವ ದಿನಕ್ಕೆ ಮೊದಲು ಎರಡು ಮೂರು ಸಲವಾದರೂ ಅಭ್ಯಾಸಕ್ಕೆ ಹೋಗಿ, ಕ್ಯಾಮೆರಾ ಇಲ್ಲದೆ ಕುಳಿತು ನೋಡಿ. ಅಮೆರಿಕದ ಛಾಯಾಗ್ರಾಹಕಿ ಬಾರ್ಬರಾ ಮಾರ್ಗನ್ ಅವರು 1940ರ ಹೊತ್ತಿನಲ್ಲಿ ಆಧುನಿಕ ನೃತ್ಯ ಕಲಾವಿದೆ ಮಾರ್ಥಾ ಗ್ರಹಾಂ ಅವರ ನೃತ್ಯದ ಚಿತ್ರಗಳನ್ನು ತೆಗೆದದ್ದು ಪ್ರದರ್ಶನದ ನಡುವೆ ಅಲ್ಲ. ಅಭ್ಯಾಸಗಳನ್ನು ನೋಡಿ, ಮನಸ್ಸಿನಲ್ಲಿ ಉಳಿದ ಭಾಗಗಳನ್ನು ಕ್ಯಾಮೆರಾಕ್ಕಾಗಿಯೇ ಮತ್ತೊಮ್ಮೆ ಆಡಿಸಿ ತೆಗೆದರು. ಮಾರ್ಗವೆಂಬ ನಮ್ಮ ಸಾಂಪ್ರದಾಯಿಕ ಅನುಕ್ರಮದ ಕಾರ್ಯಕ್ರಮಕ್ಕೂ ಅದೇ ಕ್ರಮ ಒಪ್ಪುತ್ತದೆ. ಅಲಾರಿಪು, ಜತಿಸ್ವರ, ವರ್ಣ, ಪದ, ತಿಲ್ಲಾನ ಎಂಬ ಅದರ ಭಾಗಗಳಲ್ಲಿ ನಿಮ್ಮ ಸೊಸೆ ನಿಜವಾಗಿಯೂ ಮಾಡುವ ಚಲನೆಗಳಲ್ಲಿ ಯಾವುದು ಅವಳದೇ ಎನ್ನಿಸುತ್ತದೆಯೋ ಅದನ್ನು ಗುರುತು ಹಾಕಿಕೊಂಡು ಗುರುಗಳೊಡನೆ ಚರ್ಚಿಸಿ. ವರ್ಣದ ನಾಯಿಕೆ ವಿರಹದಲ್ಲಿರುವಳಾದರೆ, ಆಹ್ವಾನ ಪತ್ರಿಕೆಯಲ್ಲಿ ತ್ರಿಶೂಲ ಹಿಡಿದ ದುರ್ಗೆಯ ಭಂಗಿ ಏಕೆ ಬರಬೇಕು? ಚಿತ್ರವನ್ನು ನೋಡಿ ಸಭೆಗೆ ಬಂದವರು ವೇದಿಕೆಯ ಮೇಲೆ ಅದೇ ಗಳಿಗೆಗಾಗಿ ಕಾಯುತ್ತಾರೆ ಎಂಬುದನ್ನು ನಾನು ಹಲವು ಬಾರಿ ಹಿಂದಿನ ಸಾಲುಗಳಲ್ಲಿ ಕುಳಿತು ಕಂಡಿದ್ದೇನೆ.

ಚಿತ್ರ ತೆಗೆಯುವಾಗ "ಹಾಗೇ ನಿಲ್ಲು, ಅಲ್ಲಾಡಬೇಡ" ಎನ್ನಬೇಡಿ. ನಿಲ್ಲಿಸಿದ ಭಂಗಿಯಲ್ಲಿ ಕೆಲವೇ ಕ್ಷಣಗಳಲ್ಲಿ ಭುಜ ಏರುತ್ತದೆ, ಬೆರಳು ಸಡಿಲವಾಗುತ್ತದೆ, ಕಣ್ಣು ಖಾಲಿಯಾಗುತ್ತದೆ. ಬದಲಿಗೆ, ಗುರುಗಳು ತಟ್ಟುಮಣೆ (ತಾಳ ಹಾಕುವ ಮರದ ಮಣೆ) ತಟ್ಟುತ್ತ ಸೊಲ್ಲುಕಟ್ಟು (ತಾಳಕ್ಕೆ ಹೇಳುವ ಬಾಯಿಮಾತಿನ ಅಕ್ಷರಗಳು) ಹೇಳಲಿ; ಹುಡುಗಿ ಆ ಅಡವನ್ನು, ಅಂದರೆ ಹೆಜ್ಜೆ-ಕೈಗಳ ಜೋಡಣೆಯನ್ನು, ಮೊದಲಿನಿಂದ ಆಡುತ್ತ ಬಂದು, ನಿಮಗೆ ಬೇಕಾದ ಗಳಿಗೆಯನ್ನು ತಲುಪಲಿ. ಅಡವು ಮುಗಿಯುವ ಪೆಟ್ಟಿನಲ್ಲಿ ಪಾದ, ಕೈ, ಕಣ್ಣು ಮೂರೂ ಒಟ್ಟಿಗೆ ಬಂದು ಸೇರುತ್ತವೆ; ನಿಮ್ಮ ಬೆರಳು ಪೆಟ್ಟು ಕೇಳಿದ ಮೇಲೆ ಒತ್ತಿದರೆ ತಡವಾಗಿರುತ್ತದೆ, ಆದ್ದರಿಂದ ಸೊಲ್ಲನ್ನು ನೀವೂ ಬಾಯಲ್ಲಿ ಹೇಳಿಕೊಳ್ಳುತ್ತ ಕೂದಲೆಳೆಯಷ್ಟು ಮುಂಚೆಯೇ ಒತ್ತಬೇಕು. ಜಿಗಿತದ ಗಳಿಗೆ ಮಾತ್ರ ಬೇರೆ: ದೇಹ ಅತಿ ಎತ್ತರ ತಲುಪುವುದು ಎರಡು ಪೆಟ್ಟುಗಳ ನಡುವೆ. ಜಿಗಿತಕ್ಕೆ ಶಟರ್ ವೇಗ ಸೆಕೆಂಡಿನ 1/500 ಅಥವಾ ಅದಕ್ಕಿಂತ ಹೆಚ್ಚಿರಲಿ. ಪೆಟ್ಟಿಗೆ ನಿಲ್ಲುವ ಭಂಗಿಗೆ 1/250 ಸಾಕು.

ದೃಷ್ಟಿಯ ವಿಚಾರದಲ್ಲಿ ನನಗೆ ಗಟ್ಟಿಯಾದ ಅಭಿಪ್ರಾಯವಿದೆ. ಕೈ ಹೋದೆಡೆ ಕಣ್ಣು, ಕಣ್ಣು ಹೋದೆಡೆ ಮನಸ್ಸು ಎಂಬ ಅಭಿನಯ ದರ್ಪಣ ಎಂಬ ನಾಟ್ಯಗ್ರಂಥದ ಶ್ಲೋಕವನ್ನು ನೃತ್ಯ ಕಲಿಯುವ ಪ್ರತಿ ಮಗುವೂ ಬಾಯಿಪಾಠ ಮಾಡಿರುತ್ತದೆ. ಅರಳಿದ ತಾವರೆಯ ಮುದ್ರೆಯಾದ ಅಲಪದ್ಮ ಹಿಡಿದ ಕೈಯನ್ನು ಒಂದು ಕಡೆಗೆ ಚಾಚಿ, ಕಣ್ಣನ್ನು ಮಾತ್ರ ಲೆನ್ಸಿಗೆ ನೆಟ್ಟು ನಗುವ ಚಿತ್ರಗಳು ಆ ಕಲಿಕೆಗೆ ವಿರುದ್ಧವಾಗಿವೆ. ಮುಖದ ಹತ್ತಿರದ ಚಿತ್ರ ಬೇಕಾದಾಗ, ಅಥವಾ ನಾಯಿಕೆ ಎದುರಿಗಿರುವವರನ್ನು ಉದ್ದೇಶಿಸಿ ಮಾತನಾಡುವ ಸನ್ನಿವೇಶವಿದ್ದಾಗ ಲೆನ್ಸನ್ನು ನೋಡಲಿ. ಕಥೆಯಿಲ್ಲದ ಶುದ್ಧ ಚಲನೆಯಾದ ನೃತ್ತದ ಭಂಗಿಯಲ್ಲಿ ಬೇಡ.

ಇನ್ನು ಬೆಳಕು. ಫ್ಲ್ಯಾಷನ್ನು ನೇರವಾಗಿ ಹಾಯಿಸಿದರೆ ಜರಿ, ಕೆಂಪಿನ ಆಭರಣ, ಬೈತಲೆ ಬೊಟ್ಟು ಎಲ್ಲವೂ ಬಿಳಿ ಚುಕ್ಕೆಗಳಾಗಿ ಸುಟ್ಟುಹೋಗುತ್ತವೆ, ಹಿಂದಿನ ಗೋಡೆಯ ಮೇಲೆ ಗಡಸಾದ ನೆರಳು ಬೀಳುತ್ತದೆ. ಒಂದು ಬಿಳಿ ಪಂಚೆಯನ್ನು ಹಗ್ಗಕ್ಕೆ ಕಟ್ಟಿ, ಫ್ಲ್ಯಾಷನ್ನು ಕ್ಯಾಮೆರಾದಿಂದ ಬೇರ್ಪಡಿಸಿ ಅದರ ಹಿಂದೆ ಇಟ್ಟು, ನರ್ತಕಿಯ ಮುಂದೆ ಓರೆಯಾಗಿ ಒಂದು ಪಕ್ಕದಿಂದ ಬೆಳಕು ಬರುವಂತೆ ಮಾಡಿದರೆ ನಿರಿಗೆಗಳ ಮಡಿಕೆ ಮಡಿಕೆಯೂ ಕಾಣುತ್ತದೆ. ಅದಕ್ಕೆ ಬೇಕಾದ ರಿಮೋಟ್ ಟ್ರಿಗರ್ ನಿಮ್ಮಲ್ಲಿಲ್ಲದಿದ್ದರೆ ಬೆಳಗಿನ ಹೊತ್ತು ಉತ್ತರಕ್ಕೆ ತೆರೆದ ದೊಡ್ಡ ಕಿಟಕಿಯ ಬಳಿ ತೆಗೆಯಿರಿ. ಕಪ್ಪು ಪರದೆಯ ಮುಂದೆ ಜಡೆ ಕರಗಿಹೋಗುತ್ತದೆಂಬುದನ್ನೂ, ಕೆಂಪು ಸೀರೆಗೆ ಕೆಂಪು ಪರದೆ ಹೊಂದುವುದಿಲ್ಲವೆಂಬುದನ್ನೂ ನೆನಪಿಟ್ಟುಕೊಳ್ಳಿ. ವೇದಿಕೆಯ ಮೇಕಪ್ಪು ಇಪ್ಪತ್ತನೆಯ ಸಾಲಿನವರಿಗೂ ಕಾಣಲೆಂದು ಮಾಡುವಂಥದ್ದು, ಚಿತ್ರಕ್ಕೆ ಅದರ ಅರ್ಧ ಸಾಕು.

ಕೊನೆಯದಾಗಿ, ಆಭರಣ ಓರೆಯಾದಾಗ, ಸೆರಗು ಸರಿದಾಗ ನೀವೇ ಕೈ ಹಾಕಿ ಸರಿಪಡಿಸಬೇಡಿ. ತಾಯಿಯೋ ಗುರುಗಳೋ ಮಾಡಲಿ. ಸೋದರಮಾವನಾದ ನಿಮಗೆ ಇದು ಅತಿಯೆನ್ನಿಸಬಹುದು. ಆದರೆ ನಾಳೆ ಬೇರೆ ಮನೆಯ ಮಕ್ಕಳ ಚಿತ್ರ ತೆಗೆಯಲು ಕರೆ ಬಂದಾಗ ಈ ಅಭ್ಯಾಸ ಈಗಾಗಲೇ ಕೈಗೆ ಬಂದಿರಬೇಕು.

ಪ್ರಶ್ನೆ: ನನ್ನ ಏಕವ್ಯಕ್ತಿ ಪ್ರದರ್ಶನದ ಪೋಸ್ಟರಿನಲ್ಲಿ ಅಕ್ಷರಗಳು ಎಡಕ್ಕೆ ಬರಬೇಕೆಂಬ ಕಾರಣದಿಂದ ವಿನ್ಯಾಸಕಾರರು ನನ್ನ ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುಗಿಸಿದ್ದಾರೆ. ನೋಡುವವರಿಗೆ ತಿಳಿಯುವುದಿಲ್ಲ ಎನ್ನುತ್ತಾರೆ. ನನಗೆ ಸಮಾಧಾನವಿಲ್ಲ. ನಾನು ಅತಿಯಾಗಿ ಯೋಚಿಸುತ್ತಿದ್ದೇನೆಯೇ?
– ನೃತ್ಯ ಕಲಾವಿದೆ, ಮೈಸೂರು

ಉತ್ತರ: ಖಂಡಿತ ಇಲ್ಲ. ತಿಳಿಯುವವರಿಗೆ ಮೊದಲ ನೋಟಕ್ಕೇ ತಿಳಿಯುತ್ತದೆ, ಮತ್ತು ನಿಮ್ಮ ಪ್ರದರ್ಶನಕ್ಕೆ ಬರುವವರಲ್ಲಿ ಅಂಥವರೇ ಹೆಚ್ಚು. ತಲೆಯ ಬಲಕ್ಕೆ ಸೂರ್ಯನ ಆಭರಣ, ಎಡಕ್ಕೆ ಚಂದ್ರನ ಆಭರಣ ತೊಡುವುದು ನಮ್ಮ ಕ್ರಮ. ಚಿತ್ರ ತಿರುಗಿಸಿದರೆ ಇವೆರಡೂ ಅದಲುಬದಲಾಗುತ್ತವೆ. ಸೆರಗು ಬಲ ಭುಜಕ್ಕೆ ಹೋಗುತ್ತದೆ. ಭಂಗಿ ನಟರಾಜನದಾದರೆ ದೋಷ ಇನ್ನೂ ದೊಡ್ಡದು: ಚಿದಂಬರದ ನಟರಾಜ ಬಲಗಾಲಿನ ಮೇಲೆ ನಿಂತು ಎಡಗಾಲನ್ನು ಎತ್ತಿದ್ದಾನೆ. ಬಲಗಾಲೆತ್ತಿದ ನಟರಾಜನನ್ನು ಕಾಣಬೇಕಾದರೆ ಮಧುರೈ ಮೀನಾಕ್ಷಿ ದೇವಾಲಯದ ಬೆಳ್ಳಿಯಂಬಲವೆಂಬ ಸಭೆಗೆ ಹೋಗಬೇಕು, ಮತ್ತು ಅಲ್ಲಿ ಅದು ಆ ಕ್ಷೇತ್ರದ ವಿಶೇಷವೆಂದೇ ಪ್ರಸಿದ್ಧ. ಪೋಸ್ಟರಿನ ಅಕ್ಷರಗಳಿಗೆ ಜಾಗ ಮಾಡಲೆಂದು ದೇವರ ಕಾಲು ಬದಲಿಸುವುದು ಸಲ್ಲದು. ಅಭಯ ನೀಡುವ ಕೈಯೂ ಎಡಗೈ ಆಗಿಬಿಡುತ್ತದೆ.

ಈ ಸಲ ಹಿಂದಿನ ಬಣ್ಣವನ್ನೇ ಎಡಕ್ಕೆ ಹಿಗ್ಗಿಸಿ ಜಾಗ ಮಾಡಿಕೊಡಲು ವಿನ್ಯಾಸಕಾರರನ್ನು ಕೇಳಿ. ಹಿನ್ನೆಲೆ ಒಂದೇ ಬಣ್ಣದ್ದಾಗಿದ್ದರೆ ಅದು ಕೆಲವು ನಿಮಿಷಗಳ ಕೆಲಸ. ಮುಂದಿನ ಸಲ ಛಾಯಾಗ್ರಾಹಕರಿಗೆ ಮೊದಲೇ ಹೇಳಿ, ಪ್ರತಿ ಮುಖ್ಯ ಭಂಗಿಯನ್ನೂ ಮೂರು ಬಗೆಯಲ್ಲಿ ತೆಗೆಸಿಕೊಳ್ಳಿ: ನೀವು ಚೌಕಟ್ಟಿನ ಬಲಕ್ಕೆ, ಎಡಕ್ಕೆ, ನಡುವಿಗೆ. ನಿಮ್ಮ ನೋಟ ಯಾವ ಕಡೆಗಿದೆಯೋ ಆ ಕಡೆ ಹೆಚ್ಚು ಜಾಗವಿದ್ದರೆ ಅಕ್ಷರಗಳೂ ಅಲ್ಲಿ ಹಾಯಾಗಿ ಕೂರುತ್ತವೆ.

ಪ್ರಶ್ನೆ: ಬೇಲೂರಿನ ದೇವಾಲಯದಲ್ಲಿ, ಮದನಿಕೆಯರ ಕೆಳಗೆ ನಿಂತು ಪ್ರಚಾರದ ಚಿತ್ರ ತೆಗೆಸಿಕೊಳ್ಳಬೇಕೆಂದಿದ್ದೇನೆ. ಏನು ಎಚ್ಚರ ವಹಿಸಬೇಕು?
– ಓದುಗರೊಬ್ಬರು, ಹಾಸನ

ಉತ್ತರ: ಚೆನ್ನಕೇಶವ ದೇವಾಲಯ ಇಂದಿಗೂ ಪೂಜೆ ನಡೆಯುವ ಗುಡಿ, ಜೊತೆಗೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿದ್ದು, 2023ರಲ್ಲಿ ಹಳೇಬೀಡು ಮತ್ತು ಸೋಮನಾಥಪುರಗಳೊಡನೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದೆ. ಟ್ರೈಪಾಡ್, ದೀಪ, ಪರದೆಗಳನ್ನು ಒಯ್ಯುವುದಾದರೆ ಇಲಾಖೆಯ ಅನುಮತಿಯನ್ನು ಮುಂಚಿತವಾಗಿ ಲಿಖಿತ ರೂಪದಲ್ಲಿ ಪಡೆಯಿರಿ. ಬಿಸಿಲೇರಿದ ಮೇಲೆ ಜಗತಿಯ (ಗುಡಿ ನಿಂತಿರುವ ಎತ್ತರದ ಕಟ್ಟೆಯ) ಕಲ್ಲು ಬರಿಗಾಲನ್ನು ಸುಡುತ್ತದೆ, ಆದ್ದರಿಂದ ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಕೆಲಸ ಮುಗಿಸಿಕೊಳ್ಳುವುದು ಒಳ್ಳೆಯದು. ಕಲ್ಲಿನ ಬಣ್ಣ ಹಸಿರು ಬೆರೆತ ಬೂದಿ. ಅದರೆದುರು ಅರಿಸಿನ, ಕುಂಕುಮದ ಬಣ್ಣಗಳು ಎದ್ದು ಕಾಣುತ್ತವೆ, ಕಡು ಹಸಿರು ಸೀರೆ ಮುಳುಗಿಹೋಗುತ್ತದೆ.

ಮದನಿಕೆಯರ ಬಗ್ಗೆ ನನ್ನ ಸಲಹೆ ನಿಮಗೆ ಬೇಸರ ತರಬಹುದು. ಅವರು ಸೂರಿನಂಚಿನ ಕೆಳಗೆ ಬಹಳ ಎತ್ತರದಲ್ಲಿದ್ದಾರೆ. ಅವರನ್ನೂ ನಿಮ್ಮನ್ನೂ ಒಂದೇ ಚೌಕಟ್ಟಿಗೆ ತರಲು ಛಾಯಾಗ್ರಾಹಕರು ನಿಮ್ಮ ಕಾಲಿನ ಬುಡದಲ್ಲಿ ಕುಳಿತು ಕ್ಯಾಮೆರಾ ಮೇಲೆತ್ತಬೇಕಾಗುತ್ತದೆ. ಆಗ ಶಿವಮೊಗ್ಗದ ಓದುಗರಿಗೆ ಆದ ತೊಂದರೆ ತಿರುಗುಮುರುಗಾಗಿ, ನಿಮ್ಮ ಕಾಲುಗಳು ಕಂಬಗಳಂತೆ ಬೆಳೆದು ಮುಖ ಚಿಕ್ಕದಾಗುತ್ತದೆ. ಹೊಯ್ಸಳ ಶಿಲ್ಪಿಗಳ ಕೆತ್ತನೆಯ ಎದುರು ಯಾವ ನರ್ತಕಿಯೂ ಕಣ್ಣನ್ನು ಹಿಡಿದು ನಿಲ್ಲಿಸುವುದು ಕಷ್ಟ. ದೇವಾಲಯದಿಂದ ದೂರ ಸರಿದು, ಪ್ರಾಕಾರದ ತೆರಪಿನಲ್ಲಿ ನಿಂತು, ಗುಡಿಯ ಗೋಡೆ ಹಿಂದೆ ಮಸುಕಾಗಿ ಉಳಿಯುವಂತೆ ತೆಗೆಸಿಕೊಳ್ಳಿ.

ಪ್ರಶ್ನೆ: ಹಣ ಕೊಟ್ಟು ತೆಗೆಸಿದ ಚಿತ್ರಗಳನ್ನು ಎರಡನೆಯ ಪ್ರದರ್ಶನಕ್ಕೂ ಬಳಸಬೇಕಾದರೆ ಛಾಯಾಗ್ರಾಹಕರಿಗೆ ಮತ್ತೆ ಹಣ ಕೊಡಬೇಕೆ?
– ಓದುಗರೊಬ್ಬರು, ಬೆಂಗಳೂರು

ಉತ್ತರ: 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ, ಯಾರು ಹಣ ಕೊಟ್ಟು ಹೇಳಿ ತೆಗೆಸುತ್ತಾರೋ ಅವರೇ ಆ ಛಾಯಾಚಿತ್ರದ ಮೊದಲ ಹಕ್ಕುದಾರರು, ಬೇರೆ ರೀತಿಯ ಒಪ್ಪಂದ ಇಲ್ಲದಿದ್ದರೆ. ಹಾಗಾಗಿ ನೀವೇ ಹಣ ಕೊಟ್ಟಿದ್ದು, ಒಪ್ಪಂದದಲ್ಲಿ ನಿರ್ಬಂಧವಿಲ್ಲದಿದ್ದರೆ ಮತ್ತೆ ಕೊಡಬೇಕಾಗಿಲ್ಲ. ಹಣ ಕೊಟ್ಟವರು ಸಂಘಟಕರಾಗಿದ್ದರೆ ಹಕ್ಕು ಅವರದು, ನಿಮ್ಮದಲ್ಲ. ಗೆಳೆಯರೊಬ್ಬರು ಪ್ರೀತಿಯಿಂದ ಉಚಿತವಾಗಿ ತೆಗೆದುಕೊಟ್ಟಿದ್ದರೆ ಹಕ್ಕು ಆ ಗೆಳೆಯರದು. ಮೂರು ಸಂದರ್ಭಗಳಲ್ಲಿಯೂ ಚಿತ್ರ ತೆಗೆದವರಿಗೆ ತಮ್ಮ ಹೆಸರನ್ನು ಕೇಳುವ ಹಕ್ಕು 57ನೇ ಕಲಮಿನಲ್ಲಿ ಉಳಿದೇ ಇರುತ್ತದೆ. ಮೃದಂಗದವರ, ವಸ್ತ್ರಾಲಂಕಾರದವರ ಹೆಸರು ಇರುವ ಪತ್ರಿಕೆಯಲ್ಲಿ ಛಾಯಾಗ್ರಾಹಕರ ಹೆಸರಿಗೂ ಒಂದು ಸಾಲು ಕೊಡಿ.

ಪ್ರಶ್ನೆ: ವಾಟ್ಸ್ಯಾಪಿನಲ್ಲಿ ಕಳುಹಿಸಿದ ಚಿತ್ರ ಎ3 ಪೋಸ್ಟರಿಗೆ ಸಾಲದು ಎಂದು ಮುದ್ರಣಾಲಯದವರು ಹೇಳಿದರು. ಫೋನಿನಲ್ಲಿ ಚೆನ್ನಾಗಿಯೇ ಕಾಣುತ್ತದಲ್ಲ?
– ಓದುಗರೊಬ್ಬರು, ಪುತ್ತೂರು

ಉತ್ತರ: ಇಂಚಿಗೆ 300 ಚುಕ್ಕೆಗಳ ಲೆಕ್ಕದಲ್ಲಿ ಎ3 ಪೋಸ್ಟರಿಗೆ ಸುಮಾರು 3508 × 4961 ಪಿಕ್ಸೆಲ್ ಬೇಕು, ವಾಟ್ಸ್ಯಾಪಿನಲ್ಲಿ ಮಾಮೂಲಿನಂತೆ ಫೋಟೊ ಆಗಿ ಕಳುಹಿಸಿದ ಚಿತ್ರ ಅದಕ್ಕಿಂತ ಬಹಳ ಕುಗ್ಗಿ ತಲುಪುತ್ತದೆ. ಛಾಯಾಗ್ರಾಹಕರಿಂದ ಮೂಲ ಕಡತವನ್ನೇ ತರಿಸಿಕೊಂಡು, ಡಾಕ್ಯುಮೆಂಟ್ ರೂಪದಲ್ಲಿ ಅಥವಾ ಇಮೇಲಿನಲ್ಲಿ ಮುದ್ರಣಾಲಯಕ್ಕೆ ಕಳುಹಿಸಿ. ಪೂರ್ತಿ ಪ್ರತಿಗಳನ್ನು ಅಚ್ಚು ಹಾಕುವ ಮೊದಲು ಒಂದು ಪ್ರತಿ ಮುದ್ರಿಸಿ ನೋಡಿ, ಏಕೆಂದರೆ ಪರದೆಯ ಮೇಲೆ ಉರಿಯುವ ರೇಷ್ಮೆಯ ಕೆಂಪು ಕಾಗದದ ಮೇಲೆ ಮಂಕಾಗಿ ಬರುವುದೇ ಹೆಚ್ಚು.